ವಿಸ್ಕಿಯ ಬೇರು ನೀರಲ್ಲಿದೆ

ವಿಸ್ಕಿ ಅನ್ನೋದು ಇಂಗ್ಲಿಷ್ ಪದ ಅಂತಲೇ ತುಂಬಾ ಜನ ತಿಳಿದಿದ್ದಾರೆ. ಅದರ ಹುಟ್ಟು ಐರ್ಲೆಂಡಿನ ಭಾಷೆಯಾದ ಐರಿಷ್ ಮತ್ತು ಅದರ ತಂಗಿಯಂಥ ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ. ಐರಿಷ್‌ನಲ್ಲಿ ನೀರಿಗೆ ‘ಇಶ್ಕ’ ಅನ್ನುತ್ತಾರೆ. ಭಟ್ಟಿ ಇಳಿಸಿದ ಮದ್ಯವನ್ನು ಯುರೋಪಿನಲ್ಲಿ ಹಿಂದೆ ಔಷಧಿಯಾಗಿ ಕೊಡುತ್ತಿದ್ದರು, ಲ್ಯಾಟಿನ್‌ನಲ್ಲಿ ಅದರ ಹೆಸರು ‘ಆಕ್ವಾ ವೀಟೆ’, ಅಂದರೆ ಜೀವದ ನೀರು. ಫ್ರೆಂಚರು ಅದನ್ನು ‘ಓ ದ ವೀ’ ಮಾಡಿಕೊಂಡರು, ಐರಿಷರು ‘ಇಶ್ಕ ಬ್ಯಾಹ’ ಅಂದರು, ಇಂಗ್ಲಿಷರ ಬಾಯಲ್ಲಿ ಅದು ತಿರುಚಿಕೊಂಡು 18ನೇ ಶತಮಾನದ ಹೊತ್ತಿಗೆ ಬರೀ ವಿಸ್ಕಿ ಆಯಿತು. ಜೀವ ಬಿಟ್ಟುಹೋಯಿತು, ನೀರು ಉಳಿಯಿತು. ರಷ್ಯನ್ನರ ವೋಡ್ಕಾ ಕೂಡ ನೀರೇ, ‘ವೋದಾ’ದಿಂದ ಬಂದದ್ದು. ನಮ್ಮಲ್ಲಿ ಅದಕ್ಕೆಲ್ಲ ಎಣ್ಣೆ ಅನ್ನುತ್ತೇವೆ!

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಬೇರೆ. ಇಶ್ಕ, ವೋದಾ, ವಾಟರ್, ಸಂಸ್ಕೃತದ ಉದಕ ಎಲ್ಲವೂ ಒಂದೇ ಬೇರಿನವು. ‘ಬ್ಯಾಹ’ ಮತ್ತು ‘ಜೀವ’ ಕೂಡ ಹಾಗೇ. ವಚನಗಳಲ್ಲಿ ಓದುವ ಉದಕಕ್ಕೆ ಅಟ್ಲಾಂಟಿಕ್ ದಂಡೆಯಲ್ಲಿ ನೆಂಟರಿದ್ದಾರೆ. ನಮ್ಮ ‘ನೀರು’ ಆ ಮನೆತನದ್ದಲ್ಲ, ಅದು ತಮಿಳು ತೆಲುಗಿನ ಜೊತೆ ಬೆಳೆದ ದ್ರಾವಿಡ ಪದ.

ನಾನಿರುವ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ ಫುಟ್‌ಪಾತಿನ ಕಬ್ಬಿಣದ ಮುಚ್ಚಳಗಳ ಮೇಲೂ ಇಶ್ಕ ಅಂತ ಬರೆದಿರುತ್ತದೆ. ಇಲ್ಲಿನ ನೀರು ಸರಬರಾಜು ಸಂಸ್ಥೆ 2023ರಲ್ಲಿ ‘ಐರಿಷ್ ವಾಟರ್’ ಅನ್ನೋ ಹೆಸರು ಬಿಟ್ಟು ‘ಇಶ್ಕ ಏರನ್’ ಅಂತ ಐರಿಷ್ ಹೆಸರನ್ನೇ ಉಳಿಸಿಕೊಂಡಿತು. ಪ್ರಧಾನಿ ‘ತೀಶಕ್’, ಪೊಲೀಸರು ‘ಗಾರ್ಡಿ’, ಇಂಗ್ಲಿಷ್ ಪತ್ರಿಕೆಗಳೂ ಹಾಗೇ ಬರೆಯುತ್ತವೆ. 2022ರ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನಾ ಐರಿಷ್ ಮಾತಾಡುವವರು ಸುಮಾರು 72 ಸಾವಿರ ಜನ, ಅಷ್ಟೇ. ನಮ್ಮ ಬಹುಪಾಲು ತಾಲ್ಲೂಕುಗಳಷ್ಟೂ ಇಲ್ಲ.

ಕನ್ನಡ ಮಾತೃಭಾಷೆಯವರು 2011ರಲ್ಲೇ 4.3 ಕೋಟಿ ದಾಟಿದ್ದರು. ಬೆಂಗಳೂರಿನ ನೀರು ಸರಬರಾಜು ಸಂಸ್ಥೆಗೆ ‘ಜಲಮಂಡಳಿ’ ಅನ್ನೋ ಚೆಂದದ ಹೆಸರಿದೆ, ಆದರೆ ಊರಿಗೆ ಹೋದಾಗಲೆಲ್ಲ ಕನ್ನಡ ಮಾತಿನ ಮಧ್ಯೆಯೂ ಬಿಡಬ್ಲ್ಯುಎಸ್‌ಎಸ್‌ಬಿ ಅಂತ ಉದ್ದಕ್ಕೆ ಇಂಗ್ಲಿಷ್ ಅಕ್ಷರ ಹೇಳೋದನ್ನ ಕೇಳಿ ನನಗೆ ಬೇಜಾರಾಗುತ್ತದೆ. ಯಾಕೆ ಬೇಕು ಇದು? ಐರ್ಲೆಂಡಿನಲ್ಲಿಯೂ ಎಲ್ಲರಿಗೂ ಐರಿಷ್ ಬರೋದಿಲ್ಲ, ಶಾಲೆಯಲ್ಲಿ ಕಲಿತು ಮರೆತವರೇ ಜಾಸ್ತಿ, ಆದರೂ ಆ ನಾಲ್ಕು ಹೆಸರುಗಳನ್ನು ಸಲೀಸಾಗಿ ಬಳಸುತ್ತಾರೆ. ನಮಗೂ ಇದು ಹೊಸದೇನಲ್ಲ. ವಿಧಾನಸೌಧವನ್ನು ದಿಲ್ಲಿಯವರೂ ವಿಧಾನಸೌಧ ಅಂತಲೇ ಕರೆಯುತ್ತಾರೆ, ಅಲ್ವಾ? ಜಲಮಂಡಳಿಯನ್ನೂ ಹಾಗೇ ಕರೆಯೋಣ, ಮೊದಲು ನಾವು ಕರೆದರೆ ಉಳಿದವರೂ ಕರೆಯುತ್ತಾರೆ.