ಮೇಲ್ಮಹಡಿಯ ಮುಂದಿನ ಸೀಟು

ಲಂಡನ್ನಿಗೆ ಹೊಸದಾಗಿ ಬಂದು ನೆಲೆಸಿದವರನ್ನು ಮನೆ ಎಲ್ಲಿ ಅಂತ ಕೇಳಿ ನೋಡಿ. 'ನಾರ್ದರ್ನ್ ಲೈನು, ಜೋನ್ ಮೂರು' ಅಂತ ನೆಲದಡಿಯ ಟ್ಯೂಬ್ ರೈಲಿನ ಲೆಕ್ಕದಲ್ಲೇ ಹೇಳುತ್ತಾರೆ. ಊರೆಂದರೆ ಅವರಿಗೆ ಬಣ್ಣಬಣ್ಣದ ಗೆರೆಗಳು, ಗೆರೆಗಳ ಮೇಲೆ ಸ್ಟೇಷನ್ನುಗಳು. ಒಂದು ಕಡೆ ನೆಲದೊಳಗೆ ಇಳಿಯುತ್ತಾರೆ, ಇನ್ನೊಂದು ಕಡೆ ಮೇಲೆ ಬರುತ್ತಾರೆ. ನಡುವೆ ಏನಿದೆಯೋ ದೇವರೇ ಬಲ್ಲ.

ಇದರಲ್ಲಿ ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ನನ ಪಾಲು ದೊಡ್ಡದು. 1931ರಲ್ಲಿ ಟ್ಯೂಬ್ ರೈಲಿನ ನಕ್ಷೆ ಬರೆದಾಗ ಆತ ದೂರವನ್ನೂ ತಿರುವುಗಳನ್ನೂ ಕೈಬಿಟ್ಟ. ಗೆರೆ ನೆಟ್ಟಗೆ, ಅಡ್ಡಕ್ಕೆ, ಇಲ್ಲವೇ ಓರೆಗೆ. ನೆಲದ ಮೇಲಿನದ್ದು ಅಂತ ಉಳಿದದ್ದು ಥೇಮ್ಸ್ ನದಿ ಒಂದೇ. ಮೊದಲು ಬೇಡ ಅಂದ ರೈಲಿನವರೇ 1933ರಲ್ಲಿ ಅಚ್ಚು ಹಾಕಿಸಿದರು. ಸುರಂಗದಲ್ಲಿ ಕೂತವನಿಗೆ ತಲೆಯ ಮೇಲೆ ಯಾವ ಬೀದಿ ಇದ್ದರೇನು, ರೈಲು ಎಲ್ಲಿ ಬದಲಿಸಬೇಕು ಅಂತ ಗೊತ್ತಾದರೆ ಸಾಕು ಅಲ್ವಾ? ಆದರೆ ಆ ನಕ್ಷೆಯನ್ನೇ ಊರು ಅಂದುಕೊಂಡರೆ ಫಜೀತಿ. ಲೆಸ್ಟರ್ ಸ್ಕ್ವೇರ್ ಸ್ಟೇಷನ್ನಿಗೂ ಕೋವೆಂಟ್ ಗಾರ್ಡನ್ ಸ್ಟೇಷನ್ನಿಗೂ ನಡುವೆ 300 ಮೀಟರ್ ಕೂಡ ಇಲ್ಲ. ಎಸ್ಕಲೇಟರ್ ಇಳಿದು, ರೈಲು ಹತ್ತಿ, ಅಲ್ಲಿ ಲಿಫ್ಟಿಗೆ ಕಾದು ಅಥವಾ 193 ಮೆಟ್ಟಿಲು ಹತ್ತಿ ಏದುಸಿರು ಬಿಡುವಷ್ಟರಲ್ಲಿ, ಸುಮ್ನೆ ನಡೆದುಕೊಂಡು ಹೋದವನು ಕಾಫಿ ಕುಡಿದು ಮುಗಿಸಿರುತ್ತಾನೆ.

ನನ್ನ ಓಟು ಬಸ್ಸಿಗೆ. ಅದರಲ್ಲೂ ಮೇಲ್ಮಹಡಿಯ ಮುಂದಿನ ಸೀಟಿಗೆ. ದೊಡ್ಡವರು ನಾಚಿಕೆ ಬಿಟ್ಟು ಮಕ್ಕಳ ಜೊತೆ ಪೈಪೋಟಿ ಮಾಡುವ ಜಾಗ ಅದು. ಮರದ ರೆಂಬೆ ಗಾಜಿಗೆ ಟಪ್ ಅಂತ ಹೊಡೆಯುತ್ತದೆ, ಎಲ್ಲರೂ ಒಮ್ಮೆ ತಲೆ ತಗ್ಗಿಸುತ್ತಾರೆ. ಅಂಗಡಿಗಳ ಮೇಲಿನ ಮನೆಗಳ ಕಿಟಕಿಯಲ್ಲಿ ಒಣಗುತ್ತಿರುವ ಗಿಡ, ಸೋಮಾರಿ ಬೆಕ್ಕು, ಯಾರದೋ ಪುಸ್ತಕದ ರಾಶಿ. 15ನೇ ನಂಬರಿನ ಬಸ್ಸು ಹತ್ತಿದರೆ ಟವರ್ ಆಫ್ ಲಂಡನ್ ಕೋಟೆ, ಸೇಂಟ್ ಪಾಲ್ಸ್ ಚರ್ಚು, ಫ್ಲೀಟ್ ಸ್ಟ್ರೀಟ್, ಸ್ಟ್ರ್ಯಾಂಡ್ ಬೀದಿ ಒಂದರ ಹಿಂದೆ ಒಂದು ಬರುತ್ತವೆ. ಅಯ್ಯೋ, ಇದರ ಪಕ್ಕದಲ್ಲೇ ಅದು ಇತ್ತಾ ಅನ್ನಿಸುತ್ತದೆ. 2014ರಿಂದ ಬಸ್ಸಿನಲ್ಲಿ ದುಡ್ಡು ತಗೊಳ್ಳುವುದಿಲ್ಲ, ಕಾರ್ಡ್ ತಾಗಿಸಬೇಕು. ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿ ಹತ್ತಿದರೂ ಒಂದೇ ಚಾರ್ಜು. ಹಾಗಾಗಿ ಕಂಡ ಬೀದಿ ಇಷ್ಟವಾದರೆ ಇಳಿದುಬಿಡಬಹುದು.

ಬಸ್ಸು ನಿಧಾನ, ಒಪ್ಪುತ್ತೇನೆ. ಕೆಲವು ಸಲ ಬೇಕಂತಲೇ ನಿಧಾನ. ರಸ್ತೆ ಖಾಲಿ ಇದೆ, ಸಿಗ್ನಲ್ ಹಸಿರಾಗಿದೆ, ಆದರೂ ಬಸ್ಸು ಸ್ಟಾಪಿನಲ್ಲಿ ನಿಂತಿರುತ್ತದೆ. ಬಸ್ಸುಗಳ ನಡುವಿನ ಅಂತರ ಸರಿಮಾಡಲು ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇವೆ ಅಂತ ಧ್ವನಿಮುದ್ರಿಕೆಯ ಹೆಂಗಸು ಮೆತ್ತಗೆ ಹೇಳುತ್ತಾಳೆ. ಲೆಕ್ಕ ಸರಿಯಾಗಿದೆ. ತಡವಾದ ಬಸ್ಸಿಗೆ ಸ್ಟಾಪಿನಲ್ಲಿ ಜನ ಜಾಸ್ತಿ ಸೇರಿರುತ್ತಾರೆ, ಅವರೆಲ್ಲ ಹತ್ತುವಷ್ಟರಲ್ಲಿ ಅದು ಇನ್ನೂ ತಡ. ಹಿಂದಿನದು ಖಾಲಿ ಓಡಿಬಂದು ಅದರ ಬೆನ್ನಿಗೇ ನಿಲ್ಲುತ್ತದೆ. ಅದನ್ನು ತಪ್ಪಿಸಲು ಒಂದನ್ನು ತಡೆದು ನಿಲ್ಲಿಸುತ್ತಾರೆ. ಒಳಗೆ ಯಾರೂ ಬೈಯುವುದಿಲ್ಲ, ನಿಟ್ಟುಸಿರು ಬಿಟ್ಟು ಫೋನು ನೋಡುತ್ತಾರೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಘೋಷಣೆ: ಈ ಬಸ್ಸು ಹೋಗುವ ಜಾಗ ಬದಲಾಗಿದೆ. ಅಂದರೆ ಅರ್ಧ ದಾರಿಯಲ್ಲೇ ಇಳಿದು ಹಿಂದಿನ ಬಸ್ಸಿಗೆ ಕಾಯಬೇಕು. ಅದು ಬರುತ್ತದೆ. ಆದರೆ ಅದರ ಮೇಲ್ಮಹಡಿಯ ಮುಂದಿನ ಸೀಟಿನಲ್ಲಿ ಆಗಲೇ ಯಾರೋ ಕಾಲು ಚಾಚಿ ಕೂತಿರುತ್ತಾರೆ.