ಮುಖ ಮಸುಕು ಮಾಡಿದರೆ ಸಾಕೇ?

ಸಂತ್ರಸ್ತೆಯ ಮುಖ ಮಸುಕು ಮಾಡಿ, ಹೆಸರು ಬದಲಿಸಿದರೆ ಮಾಧ್ಯಮದ ಹೊಣೆ ಮುಗಿಯಿತು ಎಂಬ ಧಾಟಿಯಲ್ಲಿ, ಲೈಂಗಿಕ ದೌರ್ಜನ್ಯದ ವರದಿಗಾರಿಕೆ ಕುರಿತ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಹಾಸನದವಳಾಗಿ ನಾನಿದನ್ನು ಒಪ್ಪಲಾರೆ.

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಆಗಿನ ಸಂಸದ ಪ್ರಜ್ವಲ್ ರೇವಣ್ಣ ವಿರುದ್ಧದ ಲೈಂಗಿಕ ದೌರ್ಜನ್ಯ ಆರೋಪದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ನಮ್ಮ ಜಿಲ್ಲೆಯಲ್ಲಿ ಕೈಯಿಂದ ಕೈಗೆ ಹೋದವು. ಹೆಣ್ಣುಮಕ್ಕಳ ಮುಖವನ್ನೂ ಮರೆಮಾಡದೆ ಹಂಚಿದ್ದರು. ಆ ದಿನಗಳಲ್ಲಿ ನಾನು ಟಿವಿ ಹಾಕಿದಾಗಲೆಲ್ಲ ಕೇಳಿದ್ದು ಯಾವ ಪಕ್ಷಕ್ಕೆ ಎಷ್ಟು ನಷ್ಟ ಎಂಬ ಲೆಕ್ಕವನ್ನೇ.

ಅದಕ್ಕೂ ಹಿಂದೆ, ಸಕಲೇಶಪುರದ ಕಡೆ ನನ್ನ ತವರಿನ ಪಕ್ಕದ ಮನೆಗೆ ಒಂದು ಚಾನೆಲ್‌ನವರು ಬಂದಿದ್ದರು. ದೌರ್ಜನ್ಯದ ಪ್ರಕರಣ. ಹುಡುಗಿಯ ಮುಖ ತೋರಿಸಲಿಲ್ಲ, ನಿಜ. ಆದರೆ ಹಸಿರು ಬಾಗಿಲು, ಅಂಗಳದಲ್ಲಿ ಒಣಹಾಕಿದ್ದ ಮೆಣಸು, ಅವರಪ್ಪನ ಬೈಕು, ಅದರ ನಂಬರ್ ಪ್ಲೇಟು ಎಲ್ಲವನ್ನೂ ತೋರಿಸಿದರು. ಊರಿಗೆಲ್ಲ ಗೊತ್ತಾಗಲು ಇನ್ನೇನು ಬೇಕಿತ್ತು? ಆ ವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ. ಅವಳಮ್ಮ ಸಂತೆಗೆ ಬರುವುದನ್ನೇ ಬಿಟ್ಟರು.

ಹೆಸರಷ್ಟೇ ಅಲ್ಲ, ಗುರುತು ಹಿಡಿಯಲು ದೂರದಿಂದಲಾದರೂ ದಾರಿಯಾಗುವ ಯಾವ ಸಂಗತಿಯನ್ನೂ ಪ್ರಕಟಿಸಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲು. ಇದು ಕ್ಯಾಮೆರಾ ಹಿಡಿದವರಿಗೆ ಗೊತ್ತಿಲ್ಲವೆಂದರೆ ನಂಬುವುದು ಹೇಗೆ?

ಆ ಹುಡುಗಿಯ ಪ್ರಕರಣದಲ್ಲಿ ಆರೋಪಿಯ ಬಂಧನದ ದಿನ ಆ ಓಣಿಯಲ್ಲಿ ಕ್ಯಾಮೆರಾದವರಿಂದಾಗಿ ಕಾಲಿಡಲು ಜಾಗವಿರಲಿಲ್ಲ. ಸಾಕ್ಷಿ ವಿಚಾರಣೆಯ ದಿನ ಕೋರ್ಟಿನಲ್ಲಿ ಇದ್ದದ್ದು ಅವಳಪ್ಪ, ನಮ್ಮಣ್ಣ, ಇನ್ನಿಬ್ಬರು. ವರದಿಗಾರರು ಒಬ್ಬರೂ ಇರಲಿಲ್ಲ. ಲೇಖಕರು ದಯವಿಟ್ಟು ಇದರ ಬಗ್ಗೆಯೂ ಬರೆಯಲಿ.