ಕೋವಿಗೆ ನೂರು ಕಾವಲು, ದುಡ್ಡಿಗೆ ಒಂದೂ ಇಲ್ಲ

475 ಡಾಲರ್. ಬರೆಯುವಾಗಲೂ ಹೊಟ್ಟೆ ಉರಿಯುತ್ತೆ ಮಾರಾಯ್ರೆ. ಕಳ್ಳ ರಾತ್ರಿ ಹಂಚು ತೆಗೆದು ಇಳಿದು ಕದ್ದಿದ್ದರೆ ಇಷ್ಟು ಸಿಟ್ಟು ಬರ್ತಿರಲಿಲ್ಲ. ನಾನೇ, ಒಹಾಯೋದ ನನ್ನ ಮನೆ ಅಡುಗೆಮನೆಯಲ್ಲಿ ಕಾಫಿ ಕುಡೀತಾ, ನನ್ನದೇ ಹೆಬ್ಬೆರಳಲ್ಲಿ ಒತ್ತಿ ಕಳಿಸಿದ ದುಡ್ಡು ಅದು.

ಮೊದಲು ಹಿನ್ನೆಲೆ ಹೇಳಿಬಿಡ್ತೀನಿ, ಇಲ್ಲದಿದ್ದರೆ ‘ಸಾಫ್ಟ್‌ವೇರ್‌ನವನಿಗೆ ಬಂದೂಕು ಯಾಕೆ’ ಅಂತ ಶುರು ಮಾಡ್ತೀರಿ. ನಮ್ಮದು ಕೊಪ್ಪದ ಕಡೆ ಅಡಿಕೆ ತೋಟ. ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಜೋಡು ನಳಿಗೆ ತೋಟಾ ಕೋವಿ ಒಂದಿದೆ. ಅದರ ಕೆಲಸ ಬಹುಪಾಲು ಮಂಗ ಓಡಿಸೋಕೆ ಗಾಳಿಗೆ ಈಡು ಹಾರಿಸೋದು. ಚಿಕ್ಕವನಿದ್ದಾಗ ಆ ಕೋವಿಯ ನಳಿಗೆ ಒರೆಸಿ ಎಣ್ಣೆ ಹಾಕೋದು ನನ್ನ ಪಾಲಿನ ಕೆಲಸ. ಇಲ್ಲಿಗೆ ಬಂದ ಮೇಲೆ ಆಫೀಸಿನ ಗೆಳೆಯನೊಬ್ಬ ಶನಿವಾರ ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯೋ ಮೈದಾನಕ್ಕೆ ಕರಕೊಂಡು ಹೋದ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಪ್ಪನದರ ಹಾಗೇ ಇರೋ ಒಂದು ಹಳೇ ಕೋವಿ ನನ್ನದೂ ಆಗಬೇಕು ಅಂತ ಹುಚ್ಚು ಹತ್ತಿತು. ಎಚ್-1ಬಿ ವೀಸಾದಲ್ಲಿದ್ದಷ್ಟು ದಿನ ಆ ಕಡೆ ತಲೆ ಹಾಕಿರಲಿಲ್ಲ. ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ವೀಸಾದವರು ಕೋವಿ ಇಟ್ಟುಕೊಂಡರೆ ಇಲ್ಲಿ ಅದು ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆಯೇ ಹುಡುಕೋಕೆ ಕೂತದ್ದು.

ಹಳೇ ಜೋಡು ನಳಿಗೆ ಕೋವಿ ಅಂಗಡಿಯಲ್ಲಿ ಸುಲಭಕ್ಕೆ ಸಿಗಲ್ಲ, ಆನ್‌ಲೈನ್ ಹರಾಜಿನಲ್ಲಿ ಸಿಗುತ್ತೆ. ಹರಾಜು ಗೆದ್ದರೆ ಕೋವಿ ನೆಟ್ಟಗೆ ಮನೆ ಬಾಗಿಲಿಗೆ ಬರುತ್ತೆ ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಬರಲ್ಲ. 1968ರ ಕಾನೂನಿನ ಪ್ರಕಾರ ಬೇರೆ ರಾಜ್ಯದಿಂದ ಬರೋ ಕೋವಿ ಲೈಸೆನ್ಸ್ ಇರೋ ವ್ಯಾಪಾರಿಯ ಅಂಗಡಿಗೇ ಬರಬೇಕು. ನಾನು ಅಲ್ಲಿಗೆ ಹೋಗಿ ನಮೂನೆ 4473 ತುಂಬಬೇಕು. ಹಿಂದೆ ಶಿಕ್ಷೆ ಆಗಿದೆಯಾ, ನಿಜವಾಗಿ ಕೊಳ್ಳೋನು ನೀನೇನಾ, ಯಾವ ದೇಶದ ಪ್ರಜೆ, ಎಲ್ಲಾ ಕೇಳ್ತಾರೆ. ಸುಳ್ಳು ಬರೆದರೆ ಜೈಲು. ಆಮೇಲೆ ವ್ಯಾಪಾರಿ ಎಫ್‌ಬಿಐನ ತಪಾಸಣಾ ವ್ಯವಸ್ಥೆಗೆ ನನ್ನ ವಿವರ ಕೊಡ್ತಾನೆ. 1998ರಿಂದ ಇರೋ ವ್ಯವಸ್ಥೆ ಅದು. ಅವರು ಹೂಂ ಅಂದರೆ ಕೋವಿ ನಂದು. ಇದರ ಬಗ್ಗೆ ನಂಗೆ ತಕರಾರಿಲ್ಲ. ಇನ್ನೂ ಬಿಗಿ ಮಾಡಿದರೂ ತಕರಾರಿಲ್ಲ.

ತಕರಾರು ಇರೋದು ದುಡ್ಡಿನ ಬಗ್ಗೆ. ಕೋವಿ ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ನೋಡೋಕೆ ಇಷ್ಟು ಕಣ್ಣು. ಅದಕ್ಕಾಗಿ ನಾನು ತೆತ್ತ ದುಡ್ಡು ಯಾರ ಕೈ ಸೇರ್ತು ಅಂತ ನೋಡೋಕೆ ಒಂದು ಕುರುಡುಗಣ್ಣೂ ಇಲ್ಲ!

ಪುಸ್ತಕ, ಚಪ್ಪಲಿ, ಹಳೇ ಗಡಿಯಾರ ಏನು ಕೊಂಡರೂ ಆನ್‌ಲೈನಿನಲ್ಲಿ ದುಡ್ಡು ದಾಟಿಸೋ ಪೇಪಾಲ್ ಕಂಪನಿ ನಡುವೆ ನಿಂತಿರುತ್ತೆ. ಬಂದೂಕಿಗೆ ಇಲ್ಲ, ಅವರ ನಿಯಮದಲ್ಲೇ ನಿಷಿದ್ಧ. ಇಬೇ ಅಂತೂ 1999ರಲ್ಲೇ ಬಂದೂಕಿನ ಹರಾಜು ನಿಲ್ಲಿಸಿತು. ಕಂಪನಿಗಳಿಗೆ ಅವರವರ ಕಾರಣ ಇರುತ್ತೆ, ಇರಲಿ. ಆದರೆ ಕಾನೂನಿನಲ್ಲಿ ಸರಿಯಾಗಿರೋ ವ್ಯವಹಾರಕ್ಕೆ ನೆಟ್ಟಗಿನ ದಾರಿ ಮುಚ್ಚಿದರೆ ಜನ ಬೇಲಿ ಹಾರ್ತಾರೆ, ಬೇಲಿ ಪಕ್ಕ ಕಳ್ಳ ಕೂತಿರ್ತಾನೆ. ಲೈಸೆನ್ಸ್ ಇರೋ ದೊಡ್ಡ ವ್ಯಾಪಾರಿಗಳು ಕ್ರೆಡಿಟ್ ಕಾರ್ಡ್ ತಗೊಳ್ತಾರೆ, ಆದರೆ ಮೇಲೆ ನೂರಕ್ಕೆ ಮೂರು ಹಾಕ್ತಾರೆ. ಮನೆಯಲ್ಲಿದ್ದ ಹಳೇ ಕೋವಿ ಮಾರೋ ಸಾಮಾನ್ಯ ಜನ ಮನಿಯಾರ್ಡರ್ ಕಳಿಸು, ಚೆಕ್ ಕಳಿಸು ಅಂತಾರೆ. ಚೆಕ್ ಆದರೆ ಪಾಸಾಗೋವರೆಗೆ ಹತ್ತು ದಿನ ಕೋವಿ ಕಳಿಸಲ್ಲ.

ನಾನು ಮಹಾ ಬುದ್ಧಿವಂತ. ಕಾರ್ಡ್ ತಗೊಳ್ಳೋ ವ್ಯಾಪಾರಿಯ ಹತ್ರ ಚೆಂದದ ಕೋವಿಯೇ ಇತ್ತು. ಮೂರು ಪರ್ಸೆಂಟ್ ಯಾಕೆ ದಂಡ ಕೊಡೋದು ಅಂತ ಬಿಟ್ಟೆ. ಲೆಕ್ಕ ಹಾಕಿ ನೋಡಿ, 475ಕ್ಕೆ ಮೂರು ಪರ್ಸೆಂಟ್ ಅಂದರೆ ಹದಿನಾಲ್ಕೂಕಾಲು ಡಾಲರ್. ಹದಿನಾಲ್ಕೂಕಾಲು ಡಾಲರ್ ಉಳಿಸಿದ ಜಾಣ ನಾನು.

ಹರಾಜು ಮುಗಿಯೋದು ಭಾನುವಾರ ರಾತ್ರಿ ಇತ್ತು. ಕೊನೇ ಹದಿನೈದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಇನ್ನೂ ಹದಿನೈದು ನಿಮಿಷ ಎಳೆಯುತ್ತೆ. ನಾನು 475ಕ್ಕೆ ನಿಲ್ಲಿಸಿದೆ, ಇನ್ನೊಬ್ಬ 485ಕ್ಕೆ ಹೊಡೆದುಕೊಂಡು ಹೋದ. ಹೋದರೆ ಹೋಯ್ತು ಅಂತ ಮಲಗಿದೆ. ಬೆಳಗ್ಗೆ ಮೇಲ್ ಬಂದಿದೆ. ‘ಗೆದ್ದವನು ಕೈಕೊಟ್ಟ, ನೀವು ಕೂಗಿದ 475ಕ್ಕೇ ಕೊಡ್ತೀನಿ, ಸಾಗಣೆ ಖರ್ಚು ನಂದೇ.’ ಕೋವಿಯ ಫೋಟೋ ಇತ್ತು, ಮರದ ಹಿಡಿಯ ಮೇಲೆ ಕುದುರೆ ಲಾಳದ ಆಕಾರದ ಆ ಗೀರು ಕೂಡ ಇತ್ತು. ಇರದೆ ಏನು, ಹರಾಜಿನ ಪುಟದಿಂದಲೇ ಎತ್ತಿದ ಫೋಟೋ! ನನ್ನ ವಿಳಾಸ ಅವನಿಗೆ ಹೇಗೆ ಸಿಕ್ತು ಅಂತ ಆಗ ಹೊಳೀಲೇ ಇಲ್ಲ. ಹರಾಜಿನಲ್ಲಿ ನಾನು ಇಟ್ಟುಕೊಂಡ ಹೆಸರೇ ನನ್ನ ಮೇಲ್ ಐಡಿಯ ಮೊದಲರ್ಧ. ಮಿಕ್ಕರ್ಧ ಎಲ್ಲರದ್ದೂ ಒಂದೇ ಅಲ್ವಾ.

ದುಡ್ಡು ಹೇಗೆ ಕಳಿಸಬೇಕು ಅಂದರೆ, ಬ್ಯಾಂಕಿನ ಆ್ಯಪಿನಿಂದ ತಕ್ಷಣ ವರ್ಗಾವಣೆ. ಜೊತೆಗೆ ಒಂದು ಬುದ್ಧಿಮಾತು: ‘ಟಿಪ್ಪಣಿಯಲ್ಲಿ ಬಂದೂಕು ಅಂತ ಬರೀಬೇಡಿ, ಬ್ಯಾಂಕಿನವರು ತಡೆ ಹಿಡೀತಾರೆ. ಫರ್ನಿಚರ್ ಅಂತ ಬರೀರಿ.’

ಬರೆದೆ. ಪೇಪಾಲಿನವರು ಬೇಡ ಅಂತಾರೆ, ಅವರಿವರು ಬೇಡ ಅಂತಾರೆ ಅಂತ ಓದಿ ಓದಿ, ಬಂದೂಕು ಅನ್ನೋ ಪದ ಮುಚ್ಚಿಡೋದೇ ಸಹಜ ಅನ್ನಿಸಿಬಿಟ್ಟಿತ್ತು. ಕಳ್ಳನಿಗೆ ಇದು ಚೆನ್ನಾಗಿ ಗೊತ್ತು. ನ್ಯಾಯವಾಗಿ ಕೊಳ್ಳೋನ ಕೈಯಲ್ಲೇ ಸುಳ್ಳು ಬರೆಸಿದರೆ ನಾಳೆ ಅವನ ದೂರಿಗೆ ಕಾಸಿನ ಬೆಲೆ ಇರಲ್ಲ.

ಐದು ದಿನ ಆದರೂ ಸುದ್ದಿ ಇಲ್ಲ. ಮೇಲ್ ಮಾಡಿದರೆ ತಿರುಗಿ ಬರ್ತಿದೆ. ಹರಾಜಿನವರಿಗೆ ಬರೆದರೆ ‘ಇದು ನಮ್ಮ ತಾಣದ ಹೊರಗೆ ನಡೆದ ವ್ಯವಹಾರ’ ಅಂತ ಒಂದೂವರೆ ಸಾಲು. ಊರಲ್ಲಿ ಅಡಿಕೆ ಮಂಡಿಗೆ ಹಾಕಿದರೆ ಕಮಿಷನ್ ತಗೊಂಡ ಮಂಡಿಯವನೇ ದುಡ್ಡಿಗೂ ಹೊಣೆ. ಖರೀದಿದಾರ ಯಾರು, ಎಲ್ಲಿಯವನು ಅಂತ ಅಪ್ಪ ಯಾವತ್ತೂ ಕೇಳಿದ್ದಿಲ್ಲ. ಇಲ್ಲಿ ಕಮಿಷನ್ ಅವರಿಗೆ, ದುಡ್ಡಿನ ಉಸಾಬರಿ ನಮ್ಮನಮ್ಮದು.

ಬ್ಯಾಂಕಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು.

“ಏನು ಕೊಂಡಿರಿ ಸರ್?”

“ಕೋವಿ.”

“ಇಲ್ಲಿ ಫರ್ನಿಚರ್ ಅಂತ ಇದೆಯಲ್ಲ?”

“ಅದು… ಅವನು ಹಾಗೆ ಬರೀಬೇಕು ಅಂದ.”

ಕೀಲಿಮಣೆ ಟಕಟಕ ಸದ್ದು. ಆಮೇಲೆ ಬಹಳ ಮೆತ್ತಗೆ, “ಹಾಗಾದರೆ ಯಾವ ಬಗೆಯ ಫರ್ನಿಚರ್ ಅಂತ ಬರೆದುಕೊಳ್ಳಲಿ ಸರ್?”

ಪಕ್ಕದಲ್ಲಿ ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗ್ತಾ ಇದ್ದಾಳೆ. ಮೈ ಎಲ್ಲಾ ಉರಿದುಹೋಯ್ತು.

ಎರಡು ವಾರ ಬಿಟ್ಟು ಕಾಗದ ಬಂತು. ಈ ವರ್ಗಾವಣೆ ನೀವೇ ಒಪ್ಪಿ ಮಾಡಿದ್ದು, ಆದ್ದರಿಂದ ಹಣ ವಾಪಸ್ ಇಲ್ಲ. ಕಾನೂನು ಹುಡುಕಿ ಓದಿದೆ. 1978ರ ಎಲೆಕ್ಟ್ರಾನಿಕ್ ವರ್ಗಾವಣೆ ಕಾಯ್ದೆ ನಿಮಗೆ ಗೊತ್ತಿಲ್ಲದೆ ಯಾರೋ ನಿಮ್ಮ ಖಾತೆಯಿಂದ ಎತ್ತಿದರೆ ಕಾಪಾಡುತ್ತೆ. ಮೋಸ ಹೋಗಿ ನೀವೇ ಕಳಿಸಿದರೆ ಕೈ ತೊಳೆದುಕೊಳ್ಳುತ್ತೆ. ಅದೇ ಕ್ರೆಡಿಟ್ ಕಾರ್ಡ್ ಆಗಿದ್ದರೆ 1974ರ ಇನ್ನೊಂದು ಕಾಯ್ದೆ ಇದೆ. ವಸ್ತು ಬರಲಿಲ್ಲ ಅಂತ ಬಿಲ್ ಬಂದ 60 ದಿನದೊಳಗೆ ಬರೆದು ಕೊಟ್ಟರೆ ಅವರು ವಿಚಾರಿಸಲೇಬೇಕು, ಅಲ್ಲಿವರೆಗೆ ಆ ದುಡ್ಡು ನಾವು ಕಟ್ಟಬೇಕಾಗಿಲ್ಲ. ಅದೇ ಬ್ಯಾಂಕು, ಅದೇ ಫೋನು, ಅದೇ ಹೆಬ್ಬೆರಳು. ಹದಿನಾಲ್ಕೂಕಾಲು ಡಾಲರ್ ಅನ್ನೋದು ದಂಡ ಅಲ್ಲ, ವಿಮೆ ಅಂತ ಯಾರಾದರೂ ಬಾಯಿ ಬಿಟ್ಟು ಹೇಳಬಾರದಿತ್ತಾ?

ಕೋವಿ ತರಿಸಿಕೊಳ್ಳೋಕೆ ಅಂತ ಮಾತಾಡಿಟ್ಟಿದ್ದ ಅಂಗಡಿಯ ಮುದುಕಪ್ಪನಿಗೆ ಹೇಳಿದರೆ ಅವನು ತಲೆ ಚಚ್ಚಿಕೊಂಡ. “ದುಡ್ಡು ಕಳಿಸೋಕೆ ಮುಂಚೆ ನಂಗೊಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ?” ಅಂದ. ಗಲ್ಲಾದ ಪಕ್ಕದ ಕಂಪ್ಯೂಟರಿನಲ್ಲಿ ಬಂದೂಕು ವ್ಯಾಪಾರಿಗಳಿಗೆ ಲೈಸೆನ್ಸ್ ಕೊಡೋ ಎಟಿಎಫ್ ಇಲಾಖೆಯ ಪುಟ ತೆಗೆದು ತೋರಿಸಿದ. ಮಾರೋನು ‘ನಾನು ಲೈಸೆನ್ಸ್ ಇರೋ ವ್ಯಾಪಾರಿ’ ಅಂದರೆ ಆ ಲೈಸೆನ್ಸಿನ ಮೊದಲ ಮೂರು ಅಂಕಿ, ಕೊನೆಯ ಐದು ಅಂಕಿ ಒತ್ತಿದರೆ ಸಾಕು, ಅದು ನಿಜವಾ, ಯಾವ ವಿಳಾಸದ್ದು ಅಂತ ಬರುತ್ತೆ. ದುಡ್ಡಿಲ್ಲ, ಕಾಸಿಲ್ಲ, ಎಂಟು ಅಂಕಿ. ಮಾರೋನು ವ್ಯಾಪಾರಿ ಅಲ್ಲ, ಸಾಮಾನ್ಯ ಮನುಷ್ಯ ಅಂದರೆ, ಕೋವಿ ಪಕ್ಕ ಇವತ್ತಿನ ತಾರೀಕು, ನಿನ್ನ ಹೆಸರು ಬರೆದ ಚೀಟಿ ಇಟ್ಟು ಫೋಟೋ ಕಳಿಸು ಅನ್ನು. ಕೋವಿ ಕೈಯಲ್ಲಿಲ್ಲದವನು ಅಲ್ಲೇ ಮಾಯ ಆಗ್ತಾನೆ. ಇದನ್ನೆಲ್ಲ ಹರಾಜಿನ ಪುಟದ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಹಾಕೋಕೆ ಏನು ರೋಗ? ನಿಯಮಗಳ ಪುಟದಲ್ಲಿ ಎಲ್ಲೋ ತಳದಲ್ಲಿ ಇದೆಯಂತೆ. ತಳದಲ್ಲಿರೋದು ವಕೀಲರಿಗೆ, ನಮಗಲ್ಲ.

ಹಟ ಬಿಡಲಿಲ್ಲ. ಎರಡನೇ ಸಲ ಪೆನ್ಸಿಲ್ವೇನಿಯಾದ ಒಬ್ಬ ಅಜ್ಜನ ಹತ್ರ 620ಕ್ಕೆ ಗೆದ್ದೆ. ಚೀಟಿ ಇಟ್ಟು ಫೋಟೋ ಕಳಿಸಿ ಅಂದೆ. ಊಟದ ಮೇಜಿನ ಮೇಲೆ ಕೋವಿ, ಪಕ್ಕದಲ್ಲಿ ಗೀಚುಗೀಚಾಗಿ ಬರೆದ ನನ್ನ ಹೆಸರು (ತಪ್ಪಾಗಿ), ಅರ್ಧ ತಿಂದ ಮೊಟ್ಟೆಯ ತಟ್ಟೆ ಎಲ್ಲಾ ಸೇರಿ ಫೋಟೋ ಬಂತು. ಅಂಥ ತಟ್ಟೆ ಯಾವ ಕಳ್ಳನೂ ಹುಟ್ಟಿಸಲಾರ. ಆದರೆ ಅಜ್ಜನ ಷರತ್ತು ಒಂದೇ: ಅಂಚೆ ಕಚೇರಿಯ ಮನಿಯಾರ್ಡರ್. ಯಾಕಂದರೆ ಹಿಂದೊಮ್ಮೆ ಯಾರೋ ಬ್ಯಾಂಕಿನ ಚೆಕ್ ಅಂತ ನಕಲಿ ಕೊಟ್ಟಿದ್ದರಂತೆ. ಮರುದಿನವೇ ಖಾತೆಗೆ ಹಣ ಬಂತು, ಎರಡು ವಾರ ಬಿಟ್ಟು ಬ್ಯಾಂಕಿನವರು ಎಳಕೊಂಡರು, ಅಷ್ಟರೊಳಗೆ ಅಜ್ಜ ಕೋವಿ ಕಳಿಸಿ ಆಗಿತ್ತು. ಅವನನ್ನ ಬಯ್ಯೋಕೂ ಬಾಯಿ ಬರಲಿಲ್ಲ.

ಅಂಚೆ ಕಚೇರಿಯಲ್ಲಿ ಕ್ಯೂ. ನನ್ನ ಸರದಿ ಬಂದಾಗ ಕ್ರೆಡಿಟ್ ಕಾರ್ಡ್ ಚಾಚಿದೆ. ಮನಿಯಾರ್ಡರಿಗೆ ಅದು ನಡೆಯಲ್ಲ, ನಗದು ಇಲ್ಲಾ ಡೆಬಿಟ್ ಕಾರ್ಡ್. ಒಂದು ಮನಿಯಾರ್ಡರಿಗೆ 1,000 ಡಾಲರ್ ಮಿತಿ, ಅದಕ್ಕಿಂತ ಹೆಚ್ಚಿನ ಕೋವಿ ಕೊಳ್ಳೋನು ಎರಡು ಮಾಡಿಸಬೇಕು. ಮನೆಗೆ ತಂದು ಬೆಳಕಿಗೆ ಹಿಡಿದು ನೋಡಿದೆ, ಬೆಂಜಮಿನ್ ಫ್ರಾಂಕ್ಲಿನ್ ನೀರಚ್ಚಿನಲ್ಲಿ ತಣ್ಣಗೆ ಕೂತಿದ್ದ. ಕಳೆದುಹೋಯ್ತು ಅಂತ ದೂರು ಕೊಟ್ಟರೆ ಅದನ್ನ ಖಚಿತಪಡಿಸೋಕೇ 30 ದಿನ ಹಿಡಿಯಬಹುದು, ತನಿಖೆಗೆ 60. ಊರಲ್ಲಿ ಬಂಗುಡೆ ಮಾರೋನ ಸ್ಕೂಟರಿಗೆ ಕ್ಯೂಆರ್ ಅಂಟಿಸಿದೆ, ಇಲ್ಲಿ ನಾನು ಅಜ್ಜನ ಕಾಲದ ಹಾಗೆ ಕಾಗದಕ್ಕೆ ಅಂಟು ಸವರಿ ಕವರಿಗೆ ಹಾಕ್ತಾ ಇದ್ದೀನಿ. ಹಾಗಂತ ಯುಪಿಐ ಏನು ಸಾಚಾ ಅಲ್ಲ. ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಾಗಿಯೇ ಇಲ್ಲ, ಆದರೂ ‘ಹಣ ಪಡೆಯಲು ಸ್ಕ್ಯಾನ್ ಮಾಡಿ’ ಅಂದವನ ಮಾತು ನಂಬಿ ನಮ್ಮ ಚಿಕ್ಕಪ್ಪನ ಮಗ ಹಳೇ ಮಂಚ ಮಾರೋಕೆ ಹೋಗಿ ಆರು ಸಾವಿರ ಕಳಕೊಂಡ. ಅವತ್ತು ನಾನು ಅವನಿಗೆ ಮಾಡಿದ ಉಪದೇಶ ನೆನೆಸಿಕೊಂಡರೆ ಈಗ ನಾಚಿಕೆ ಆಗುತ್ತೆ.

ಸಹಿ ಹಾಕಿಸಿಕೊಂಡು ಕೊಡೋ ಅಂಚೆಯಲ್ಲಿ ಕಳಿಸಿದೆ. ಒಂಬತ್ತು ದಿನ ನಿದ್ದೆ ಇಲ್ಲ. ಹತ್ತನೇ ದಿನ ಮುದುಕಪ್ಪನ ಫೋನ್, ಕೋವಿ ಬಂದಿದೆ. ಹೋಗಿ ನಮೂನೆ ತುಂಬಿದೆ, ಗ್ರೀನ್ ಕಾರ್ಡಿನ ನಂಬರ್ ಬರೆದೆ. ತಪಾಸಣೆಯಲ್ಲಿ ‘ತಡ’ ಅಂತ ಬಂತು. ಮೂರು ಕೆಲಸದ ದಿನ ಮತ್ತೆ ಕಾಯೋದು. ಕಾದೆ. ನನ್ನ ಬಗ್ಗೆ ಎಷ್ಟು ಬೇಕಾದರೂ ವಿಚಾರಿಸಿಕೊಳ್ಳಿ ಸ್ವಾಮಿ. ಆದರೆ ಅದರಲ್ಲಿ ಕಾಲು ಭಾಗ, ನನ್ನ 475 ನುಂಗಿದವನ ಖಾತೆ ತೆರೆಯುವಾಗ ವಿಚಾರಿಸಿದ್ದರೆ? ಅವನಿಗೂ ಒಂದು ಬ್ಯಾಂಕ್ ಖಾತೆ ಇತ್ತಲ್ಲ, ಅದಕ್ಕೂ ಯಾರೋ ಗುರುತಿನ ಚೀಟಿ ನೋಡಿರಬೇಕಲ್ಲ! ಯಾರದು ಅಂತ ಕೇಳಿದರೆ ಗೋಪ್ಯ, ಹೇಳೋ ಹಾಗಿಲ್ಲವಂತೆ.

ಕೋವಿ ಮನೆಗೆ ಬಂದ ಸಂಜೆ ಅಪ್ಪನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. 2024ರ ಮೇ ತಿಂಗಳು, ಊರಲ್ಲಿ ಲೋಕಸಭೆಗೆ ಮತ ಹಾಕಿ ಆಗಿತ್ತು, ಎಣಿಕೆ ಬಾಕಿ. ಎಲೆಕ್ಷನ್ ಬಂತು ಅಂದರೆ ನಮ್ಮ ಕಡೆ ಕೋವಿಗಳೆಲ್ಲ ಠಾಣೆ ಸೇರ್ತವೆ, ಅಪ್ಪನದೂ ಅಲ್ಲೇ ಇತ್ತು. ಮಂಗಗಳಿಗೆ ಹಬ್ಬ. ಅಪ್ಪ ಕನ್ನಡಕ ಏರಿಸಿ ನಳಿಗೆ, ಕುದುರೆ, ಹಿಡಿ ಎಲ್ಲಾ ನೋಡಿದರು. “ಚೆನ್ನಾಗಿದೆ ಮಾರಾಯ, ಎಷ್ಟಾಯ್ತು?” ಅಂದರು. 620 ಅಂದೆ. ಹಿಂದಿನಿಂದ ನನ್ನ ಹೆಂಡತಿ, “ಸಾವಿರದ ತೊಂಬತ್ತೈದು ಮಾವ, ಅದರಲ್ಲಿ ಒಂದು ಸೋಫಾನೂ ಸೇರಿದೆ” ಅಂದುಬಿಟ್ಟಳು.

ಎಲ್ಲಾ ಹೇಳಬೇಕಾಯ್ತು. ಅಪ್ಪ ಪೂರ್ತಿ ಕೇಳಿದರು, ನಗಲಿಲ್ಲ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಮೊಳೆಗೆ ಚುಚ್ಚಿದ್ದ ಚೀಟಿ ತಂದು ಕ್ಯಾಮೆರಾಕ್ಕೆ ಹಿಡಿದರು. ಠಾಣೆಯ ಸೀಲು, ಸಹಿ, ಕೋವಿಯ ನಂಬರು.

“ನನ್ನ ಕೋವಿ ನನ್ನ ಹತ್ರ ಇಲ್ಲ, ಆದರೆ ರಸೀದಿ ಇದೆ. ಆ ಇನ್ನೊಂದು ದುಡ್ಡಿಗೆ ನಿನ್ನ ಹತ್ರ ಏನಿದೆ?”